ಗೇರಿನ ಗುಂಡು

ಆ ದಿನ ನಾನು ಕಣ್ಣು ಕೆಳಗಿಳಿಸಿ ಲಾರಿಯ ಗೇರಿನ ಕೋಲಿನ ತುದಿಯಲ್ಲಿದ್ದ ಗುಂಡನ್ನು ನೋಡಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ನೋಡಿದೆ ಎಂದು ನೆನಪು ಹೇಳುತ್ತದೆ. ಸವೆದು ಹಳದಿಯಾದ ಬಿಳಿ ಗುಂಡು, ಅದರ ಎಡ ಮೇಲ್ಭಾಗದಲ್ಲಿ ಕುಂಕುಮ ತುಂಬಿಕೊಂಡ ‘ಒಂದು’ ಎಂಬ ಅಂಕಿ, ಎಲ್ಲವೂ ಈಗಲೂ ಕಣ್ಣಿಗೆ ಕಟ್ಟುತ್ತದೆ. ಅಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದೇ ನನ್ನ ಅನುಮಾನಕ್ಕೆ ಕಾರಣ. ಧಾರವಾಡದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ ಓದಿ ನಾನು ಉಳಿಸಿಕೊಂಡದ್ದು ಬಹಳವಿಲ್ಲ. ಮನುಷ್ಯ ತನಗೆ ಬೇಕಾದ ನೆನಪನ್ನು ಆಮೇಲೆ ಕೂತು ತಯಾರಿಸಿಕೊಳ್ಳುತ್ತಾನೆ ಎಂಬುದೊಂದು ಉಳಿದಿದೆ. ಈ ನೆನಪಂತೂ ನನಗೆ ತೀರಾ ಬೇಕಾದದ್ದು.

ಲಾರಿ ಅಪ್ಪನದು. ಬೈಲಹೊಂಗಲದಲ್ಲಿ ನಮ್ಮ ಮನೆಯ ಎದುರಿಗೇ ನಿಲ್ಲುತ್ತಿತ್ತು. ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು, ಉಳಿದ ದಿನಗಳಲ್ಲಿ ಸವದತ್ತಿ, ರಾಮದುರ್ಗದ ಕಡೆಗೆ ಹತ್ತಿ, ಗೋವಿನಜೋಳ. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿದ ಮೇಲೆ ಲೈಸನ್ಸ್ ಮುಂದುವರಿಯಲಿಲ್ಲ. ಬೇರೆ ಡ್ರೈವರನನ್ನು ಇಡು ಎಂದರೆ ಕೇಳುತ್ತಿರಲಿಲ್ಲ. “ಬಾಡಿಗಿ ಎತ್ತು ಹೊಡದಂಗ ಹೊಡೀತಾರ” ಎನ್ನುತ್ತಿದ್ದ. ಕಿತ್ತೂರಿನಲ್ಲಿ ನಾನು ಮಾಡುತ್ತಿದ್ದ ಅತಿಥಿ ಉಪನ್ಯಾಸಕನ ಕೆಲಸ ಅದೇ ವರ್ಷ ಮುಗಿದಿತ್ತು. ಕಬ್ಬಿನ ಹಂಗಾಮು ಶುರುವಾಗುವುದರೊಳಗೆ ನಾನು ಕಲಿತರೆ ಗಾಡಿ ಮನೆಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಕೊಟ್ಟುಬಿಡುವುದು. ಹೀಗೆಂದು ಯಾರೂ ಕೂತು ತೀರ್ಮಾನಿಸಲಿಲ್ಲ. ಮನೆಯವರಿಗೆಲ್ಲ ಗೊತ್ತಿತ್ತು, ಅಷ್ಟೇ.

ಗೇರಿನ ಗುಂಡು ಮಾತ್ರ ಆ ಲಾರಿಯದಲ್ಲ. ಅಪ್ಪನ ಮೊದಲನೇ ಗಾಡಿಯದು. ಅದನ್ನು ಮಾರುವಾಗ ಗುಂಡನ್ನು ತಿರುವಿ ಬಿಚ್ಚಿಕೊಂಡು ತಂದು ಈ ಗಾಡಿಗೆ ಕೂರಿಸಿದ್ದ. ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು, ಬಾನೆಟ್ಟಿಗೆ ವಿಭೂತಿ ಬಳಿದು, ಕಾಯಿ ಒಡೆದ ಮೇಲೆ ಗುಂಡಿಗೂ ಕುಂಕುಮ ಹಚ್ಚುತ್ತಿದ್ದ. ಅದರ ಮೇಲೆ ಕೊರೆದಿದ್ದ ಗೇರಿನ ಅಂಕಿಗಳೆಲ್ಲ ಅಂಗೈಯ ಉಜ್ಜಾಟಕ್ಕೆ ಸವೆದು, ಎಡ ಮೇಲಿನ ‘ಒಂದು’ ಮಾತ್ರ ಉಳಿದಿತ್ತು.

ಸಂತೆ ಇಲ್ಲದ ದಿನ ನೇಸರಗಿಯ ಸಂತೆ ಬಯಲಿನಲ್ಲಿ ಕಲಿಕೆ. ಖಾಲಿ ಲಾರಿಯಲ್ಲಿ ಬಯಲಿನ ಸುತ್ತ ಸುತ್ತುವುದು. ಅಪ್ಪ ಪಕ್ಕದಲ್ಲಿ ಕೂತು, ಗೇರ್ ಹಿಡಿದ ನನ್ನ ಕೈಮೇಲೆ ತನ್ನ ಕೈ ಇಡುತ್ತಿದ್ದ.

“ಕ್ಲಚ್ ಒತ್ತು. ನ್ಯೂಟ್ರಲ್‌ಗೆ ತಾ. ಬಿಡು. ಮತ್ತ ಒತ್ತು. ಹಾಕೀಗ.”

ಗರ್ರ್ ಎಂದು ಗೇರಿನ ಹಲ್ಲುಗಳು ಉಜ್ಜಿದ ಸದ್ದು ಒಳಗಿನಿಂದ ಬರುತ್ತಿತ್ತು.

“ತಿಂದಿ ನೋಡು ಹಲ್ಲು. ಅವೇನ ನಿನ್ನ ಹಾಲಹಲ್ಲು ಅಂದಿ? ಬಿದ್ರ ಮತ್ತ ಹುಟ್ಟೂದಿಲ್ಲ.”

“ಎರಡೆರಡು ಸಲ ಯಾಕ ಒತ್ತಬೇಕಪಾ?”

“ಯಾಕ ಅಂದ್ರ? ಒತ್ತಬೇಕು. ಎಲ್ಲಾದಕ್ಕೂ ಯಾಕ ಅಂತಿ. ಗಾಡಿ ಸಾಲಿ ಕಲತಿಲ್ಲೋ ತಮ್ಮಾ, ಉತ್ತರ ಹೇಳಾಕ ಬರೂದಿಲ್ಲ ಅದಕ.”

ಅವನಿಗೂ ಉತ್ತರ ಗೊತ್ತಿರಲಿಲ್ಲ. ನಾನು ಪುಸ್ತಕದಲ್ಲಿ ಹುಡುಕಿ ಓದಿಕೊಂಡೆ. ಓದಿದ್ದರಿಂದ ಕಾಲು ಕಲಿಯಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ಇದು ನನ್ನ ಕೈಲಾಗುವ ಕೆಲಸವಲ್ಲ ಎನಿಸುತ್ತಿತ್ತು. ಆದರೂ ಒಂದು ಮಧ್ಯಾಹ್ನ ಮೂರನೇ ಗೇರಿನಿಂದ ನಾಲ್ಕನೆಯದಕ್ಕೆ ಸದ್ದೇ ಇಲ್ಲದೆ ಬಿತ್ತು. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ನಕ್ಕನೆಂದು ನಾನು ಅಂದುಕೊಂಡಿದ್ದೇನೆ. ಮುಖ ನನಗೆ ಕಾಣಲಿಲ್ಲ.

ಆ ಬಯಲಿನಲ್ಲಿ ನಾನು ಒಮ್ಮೆಯೂ ಫಸ್ಟ್ ಗೇರ್ ಹಾಕಲಿಲ್ಲ. “ಖಾಲಿ ಗಾಡಿಗೆ ಫಸ್ಟ್ ಯಾಕ? ಸೆಕೆಂಡಿನಾಗ ಏಳತೈತಿ” ಎನ್ನುತ್ತಿದ್ದ. ಎಲ್ಲ ಡ್ರೈವರುಗಳೂ ಹಾಗೆಯೇ ಮಾಡುತ್ತಾರೆ. ಫಸ್ಟ್ ಇರುವುದು ಲೋಡಿಗೆ ಮತ್ತು ಏರಿಗೆ. ರಿವರ್ಸ್ ಕಲಿಸುವುದನ್ನೂ ಆಮೇಲೆ ನೋಡಿದರಾಯಿತು ಎಂದು ಬಿಟ್ಟಿದ್ದ.

ಹಂಗಾಮಿನ ಮೊದಲ ಲೋಡು ಸಂಗೊಳ್ಳಿಯ ಹೊಳೆ ದಂಡೆಯ ಹೊಲದ್ದು. ಹೊಲದ ದಾರಿ ಡಾಂಬರು ರಸ್ತೆಗೆ ಏರುವ ಕಡೆ, ಏರಿನ ಬುಡದಲ್ಲಿ ಲಾರಿ ನಿಲ್ಲಿಸಿ ಕಬ್ಬು ಹೇರಿದ್ದರು. ಹಿಂದೆ ನೀರಿನ ಕಾಲುವೆ. ಕಬ್ಬು ಕಡಿಯುವ ಗ್ಯಾಂಗಿನವರೆಲ್ಲ ನೋಡುತ್ತ ನಿಂತಿದ್ದರು. ಅಪ್ಪ ಅಂದು ನನ್ನ ಕೈಮೇಲೆ ಕೈ ಇಡಲಿಲ್ಲ. ಜನರೆದುರು ಮಗ ಒಬ್ಬನೇ ಗಾಡಿ ಎಬ್ಬಿಸಬೇಕೆಂದು ಅವನಿಗಿತ್ತೇನೋ. ಹೊಸ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಕಿಟಕಿಯ ಮೇಲೆ ಮೊಣಕೈ ಊರಿ ಕೂತಿದ್ದ.

“ಫಸ್ಟ್ ಹಾಕು. ಎಡಕ್ಕ” ಎಂದ.

ಎಡಕ್ಕೆ ಎಳೆದೆ. ಅಲ್ಲಿಂದ ಮೇಲಕ್ಕೋ ಕೆಳಕ್ಕೋ ಎಂದು ಕೇಳಿದೆನೇ? ಕೇಳಿದ್ದು ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಮುಟ್ಟಲಿಲ್ಲವೇ? ಅದೂ ಗೊತ್ತಿಲ್ಲ. ಗುಂಡನ್ನು ನೋಡಿದೆ, ಮೇಲಕ್ಕೆ ಒತ್ತಿದೆ ಎನ್ನುತ್ತದೆ ನೆನಪು. ಬಿಗಿಯಾಗಿತ್ತು, ಜೋರಾಗಿ ದಬ್ಬಿದೆ. ಕ್ಲಚ್ ಬಿಟ್ಟೆ.

ಲಾರಿ ಹಿಂದಕ್ಕೆ ಹೋಯಿತು. ಹಿಂದೆ ಕಬ್ಬು ಆರಿಸುತ್ತಿದ್ದ ಹೆಂಗಸರು ಚೀರುತ್ತ ಓಡಿದರು. ನಾನು ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಗಾಲಿ ಕಾಲುವೆಗೆ ಇಳಿಯಿತು, ಲೋಡು ವಾಲಿತು, ಹಗ್ಗ ಕಡಿದು ಅರ್ಧ ಕಬ್ಬು ನೀರಿಗೆ ಸುರಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಯಾರಿಗೂ ಪೆಟ್ಟಾಗಿಲ್ಲ ಎಂದು ತಿಳಿದ ಮೇಲೆ ಜನ ನಗತೊಡಗಿದರು.

“ಏನ್ರಿ ಮಾಸ್ತರ” ಎಂದ ಗ್ಯಾಂಗು ಕಟ್ಟಿಕೊಂಡು ಬಂದ ಮುಕಾದಮ, “ಕಾರ್ಖಾನಿ ಆ ಕಡೆ ಐತ್ರಿ. ಈ ಕಡೆ ಬರೇ ಹೊಳಿ ಐತಿ.”

ಅಪ್ಪ ಕಾಲಿನಿಂದ ಮೆಟ್ಟಿಲು ತಡಕಿ ಇಳಿದ. ಕಾಲುವೆಗಿಳಿದ ಗಾಲಿಯನ್ನು ಬಗ್ಗಿ ಕೈಯಿಂದ ಮುಟ್ಟಿ ನೋಡಿದ. ಟವೆಲ್ಲು ಕೆಸರಿಗೆ ಜಾರಿತು, ಎತ್ತಿಕೊಳ್ಳಲಿಲ್ಲ.

“ಅಪ್ಪಾ, ನಾ ಫಸ್ಟ್ ಹಾಕಿದ್ನಿ.”

“ಫಸ್ಟ್ ಹಾಕಿದ್ರ ಗಾಡಿ ಹಿಂದ ಹೊಕ್ಕೈತೇನಲೇ?”

ಅವನು ಹೊಳೆಯ ಕಡೆ ಮುಖ ಮಾಡಿದ. ಆಮೇಲೆ ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ ಹೇಳಿದ. “ಒಲ್ಲೆ ಅಂದಿದ್ರ ಆಗತಿತ್ತು. ಇಷ್ಟು ಮಂದಿ ಮುಂದ ಗಾಡಿ ಹಿಂದ ದಬ್ಬೂದು ಬೇಕಾಗಿರಲಿಲ್ಲ.”

ಈ ಮಾತಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಇರಬಾರದೇ ಎಂದು ಎಷ್ಟೋ ಸಲ ಅನಿಸಿದೆ.

ಟ್ರ್ಯಾಕ್ಟರ್ ಬಂದು ಲಾರಿಯನ್ನು ಎಳೆಯಿತು. ಹಂಗಾಮು ಮುಗಿಯುವ ಮೊದಲೇ ಗಾಡಿ ರಾಮದುರ್ಗದವರೊಬ್ಬರ ಪಾಲಾಯಿತು. ಕೊಡುವ ದಿನ ಅಪ್ಪ ಒಳಗೆ ಹತ್ತಿ, ತಡಕಾಡಿ ಗುಂಡನ್ನು ಬಿಚ್ಚಿಕೊಂಡ. ಅಲ್ಲಿಂದ ಮುಂದೆ ಅವನು ಗಾಡಿಯ ಮಾತೇ ಎತ್ತಲಿಲ್ಲ. ಬಂದವರು ಕೇಳಿದರೆ “ಅವಗ ಮನಸಿರಲಿಲ್ಲರಿ” ಎಂದು ನನ್ನ ಎದುರಿಗೇ ಹೇಳುತ್ತಿದ್ದ. ಸಿಟ್ಟಿಲ್ಲದೆ ಹೇಳುತ್ತಿದ್ದ. ಸಿಟ್ಟಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಮುಂದಿನ ಹಂಗಾಮನ್ನು ಅವನು ನೋಡಲಿಲ್ಲ.

ಅವನ ಮಾತು ಸುಳ್ಳೆಂದು ಹೇಳಲು ನನಗೆ ಧೈರ್ಯವಿಲ್ಲ. ಮನಸ್ಸಿತ್ತೇ ನನಗೆ? ಆ ಸೀಟಿನಲ್ಲಿ ಕೂತಾಗಲೆಲ್ಲ ಬೇರೆಲ್ಲಾದರೂ ಇರಬೇಕಿತ್ತು ಎಂದು ಅನಿಸುತ್ತಿತ್ತಲ್ಲ. ಕೈ ತನಗೆ ಬೇಡವಾದದ್ದನ್ನು ತಲೆಗೆ ತಿಳಿಸದೆ ದಬ್ಬಿಬಿಟ್ಟಿತೋ ಏನೋ.

ಅಪ್ಪ ಹೋದ ಮೇಲೆ ಅವ್ವ ಗುಂಡನ್ನು ದೇವರ ಜಗುಲಿಯ ಮೇಲಿಟ್ಟಳು. ಒಂದು ಅಮಾವಾಸ್ಯೆ ಅವಳು ಕುಂಕುಮ ಹಚ್ಚುವಾಗ ಎಡ ಮೇಲಿನ ಆ ಅಂಕಿ ಕೆಂಪಗೆ ಎದ್ದು ಕಂಡಿತು. ಹಾಗಾದರೆ ನನ್ನ ನೆನಪಿನ ಕೆಂಪು ಅಂಕಿ ಲಾರಿಯದೋ, ಜಗುಲಿಯದೋ? ತಂಗಿಯನ್ನು ಕೇಳಿದರೆ, “ಆಗ ಅದಕ್ಕ ನಾ ಹೆಣೆದ ಉಲನ್ ಟೊಪ್ಪಿಗಿ ಇತ್ತಲ್ಲೋ ಅಣ್ಣಾ, ನಂಬರ್ ಎಲ್ಲಿ ಕಾಣಬೇಕು?” ಎಂದಳು. ಟೊಪ್ಪಿಗೆ ನನಗೆ ನೆನಪಿಲ್ಲ. ಅವ್ವನಿಗೆ ಇದ್ದಂತೆಯೂ ಇಲ್ಲದಂತೆಯೂ ನೆನಪು.

ಗುಂಡನ್ನು ಚೀಲದಲ್ಲಿ ಹಾಕಿಕೊಂಡು ರಾಮದುರ್ಗಕ್ಕೆ ಹೋದೆ. ಲಾರಿ ಕೊಂಡವರು ಚಹಾ ತರಿಸಿದರು. ಬಂದ ಕೆಲಸ ಹೇಳಿದೆ.

“ಫಸ್ಟ್ ಗೇರ್ ಎಲ್ಲೈತಿ ನೋಡಾಕ ಬೈಲಹೊಂಗಲದಿಂದ ಬಂದ್ರ್ಯಾ? ಫೋನ್ ಹಚ್ಚಿದ್ರ ಹೇಳತಿದ್ನೆಲ್ರಿ ಮಾಸ್ತರ.”

“ನಾನ ಹಾಕಿ ನೋಡಬೇಕಾಗಿತ್ರಿ.”

ಅವರು ಕೀಲಿ ತಂದು ಕೊಟ್ಟರು. ಲಾರಿ ಹತ್ತಿ ಕೂತವನು, ಹಿಂದೆ ಯಾರೂ ಇಲ್ಲವೆಂದು ಮತ್ತೆ ಇಳಿದು ಹೋಗಿ ನೋಡಿ ಬಂದೆ. ಎಡಕ್ಕೆ ಎಳೆದು ಮೇಲಕ್ಕೆ ಒತ್ತಿದೆ, ಅದೇ ಬಿಗಿ. ಲಾರಿ ಹಿಂದಕ್ಕೆ ಸರಿಯಿತು. ಎಡಕ್ಕೆ ಎಳೆದು ಕೆಳಗೆ ತಂದೆ, ಮುಂದಕ್ಕೆ ಹೋಯಿತು. ಚೀಲದಿಂದ ಗುಂಡು ತೆಗೆದು ಕೋಲಿನ ಪಕ್ಕಕ್ಕೆ ಹಿಡಿದು ನೋಡಿದೆ. ಅಪ್ಪನ ಮೊದಲನೇ ಗಾಡಿಯ ಗುಂಡಿನ ಮೇಲೆ ‘ಒಂದು’ ಎಂದು ಎಲ್ಲಿ ಕೊರೆದಿದೆಯೋ, ಈ ಗಾಡಿಯಲ್ಲಿ ಅಲ್ಲಿರುವುದು ರಿವರ್ಸ್.