ಡೀಸೆಲ್ ಟ್ಯಾಂಕಿನ ಕೆಳಗೊಂದು ರಂಗೋಲಿ

ಬೆಳಗಿನ ಐದೂಮುಕ್ಕಾಲು. ಕೂಕಟ್‌ಪಲ್ಲಿಯಿಂದ ಹೈಟೆಕ್ ಸಿಟಿಗೆ ಹೋಗುವ ದಾರಿಯಲ್ಲಿ, ಬಂಡೆ ಒಡೆದು ಸಮ ಮಾಡಿದ ಬಯಲೊಂದಕ್ಕೆ ದಿನದ ಮೊದಲ ಗಾಡಿ ಬಂದು ನಿಲ್ಲುತ್ತದೆ. ಚಾಲಕ ಇಳಿದು, ಬಾಯಿ ತುಂಬ ಆಕಳಿಸಿ, ಕೀಲಿ ಜೇಬಿಗೆ ಹಾಕಿಕೊಂಡು ನಡೆದುಬಿಡುತ್ತಾನೆ. ಐವತ್ನಾಲ್ಕು ವರ್ಷದ ಶಂಕ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗೈ ನೆಲಕ್ಕೂರಿ, ಗಾಡಿಯ ಕೆಳಗೆ ಅರ್ಧ ಮೈ ತೂರಿಸುತ್ತಾರೆ. ಡೀಸೆಲ್ ಟ್ಯಾಂಕಿನ ಅಡಿಯ ಮಣ್ಣನ್ನು ಅಂಗೈಯಿಂದ ಸವರಿ, ಬೆರಳ ಸಂದಿಯಿಂದ ಬಿಳಿ ಪುಡಿ ಬಿಡುತ್ತ ಒಂದು ಸುತ್ತು ಎಳೆಯುತ್ತಾರೆ. ಸುತ್ತಿನೊಳಗೆ ನಾಲ್ಕು ಚುಕ್ಕಿ. ಮತ್ತೆ ಎದ್ದು ನಿಲ್ಲಬೇಕಾದರೆ ಗಾಡಿಯ ಬಾಗಿಲಿನ ಹಿಡಿಕೆಯೇ ಆಸರೆ. ಇನ್ನೂ ಮೂವತ್ತೇಳು ಗಾಡಿ ಬರಬೇಕಿವೆ.

ಮನೆಯ ಮುಂದೆ ರಂಗೋಲಿ ಎಲ್ಲರೂ ಹಾಕುತ್ತಾರೆ, ಗಾಡಿಯ ಕೆಳಗೆ ಯಾರು ಹಾಕುತ್ತಾರೆ ಎಂದು ನಾನು ನಕ್ಕರೆ ಅವರು ನಗುವುದಿಲ್ಲ. "ಇದು ದೇವರಿಗಲ್ರಿ, ಕಳ್ಳರಿಗೆ" ಎನ್ನುತ್ತಾರೆ.

ಊರಿನ ಗಾಡಿಗಳೆಲ್ಲ ಹಗಲು ಓಡಿ ರಾತ್ರಿ ನಿಂತರೆ ಇಲ್ಲಿಯವು ಉಲ್ಟಾ. ಅಮೆರಿಕದ ಗಿರಾಕಿಗಳ ಫೋನಿಗೆ ಉತ್ತರಿಸುವ ಹುಡುಗ ಹುಡುಗಿಯರನ್ನು ಕಚೇರಿಗೂ ಮನೆಗೂ ಸಾಗಿಸಿ ಸುಸ್ತಾದ ಈ ಗಾಡಿಗಳು ಹಗಲು ಹೊತ್ತು ಮಲಗುತ್ತವೆ. ಹೀಗಾಗಿ ಇಲ್ಲಿ ಕಳವೂ ಹಗಲಿನದೇ. ಟ್ಯಾಂಕಿನ ಅಡಿಯ ಬೋಲ್ಟು ಸಡಿಲಿಸಿ ಕ್ಯಾನು ಹಿಡಿದರೆ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಹತ್ತು ಲೀಟರ್ ಇಳಿಯುತ್ತದೆ. ಸ್ಟೆಪ್ನಿ, ಬ್ಯಾಟರಿ, ಜ್ಯಾಕು, ಪಕ್ಕದ ಕನ್ನಡಿ ಯಾವುದನ್ನೂ ಬಿಡುವವರಿಲ್ಲ. ಐಟಿ ಬಂದು ನಗರ ಬೆಳೆಯಿತು ಎನ್ನುವವರು ಗುಜರಿ ಅಂಗಡಿಗಳೂ ಜೊತೆಯಲ್ಲೇ ಬೆಳೆದದ್ದನ್ನು ಹೇಳುವುದಿಲ್ಲ.

ಶಂಕ್ರಮ್ಮನ ಬಗ್ಗೆ ಪೇಪರಿಗೆ ಬರೆಯುತ್ತೇನೆಂದು ಮೊದಲ ಸಲ ಕೇಳಲು ಹೋದಾಗ ಅವರು ಒಂದು ಷರತ್ತು ಹಾಕಿದ್ದರು. "ನನ್ನ ಬಗ್ಗೆ ಏನರ ಬರ್ಕೋರಿ. ಆದ್ರ ಮೌನಪ್ಪಂದೂ ಬರೀಬೇಕು. ಅಂವ ಕಳ್ಳ ಅಲ್ಲ ಅಂತ ಬರೀಬೇಕು. ಅದಿಲ್ಲಾಂದ್ರ ನಂದೂ ಬ್ಯಾಡ್ರಿ." ಮೌನಪ್ಪ ಯಾರೆಂದು ನನಗೆ ಆಗ ಗೊತ್ತಿರಲಿಲ್ಲ. ಹೂಂ ಎಂದೆ.

ಅವರದು ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಊರು. ಇಪ್ಪತ್ತಾರು ವರ್ಷದ ಹಿಂದೆ ಗಂಡನ ಜೊತೆ ಹೈದರಾಬಾದಿಗೆ ಬಂದರು. ಗಂಡ ಈ ಕಡೆಯ ಬಂಡೆಗಳನ್ನೇ ಒಡೆದವರು. ಆ ಧೂಳು ಎದೆಯಲ್ಲಿ ಕೂತು ಈಗ ಹತ್ತು ಹೆಜ್ಜೆ ನಡೆದರೆ ಉಬ್ಬಸ. ಶಂಕ್ರಮ್ಮ ನಾಂಪಲ್ಲಿಯ ತುಳಸಾಬಾಯಿ ಎಂಬುವರ ಮನೆಯಲ್ಲಿ ಕಸ ಮುಸುರೆಗೆ ಸೇರಿಕೊಂಡರು. ತಲೆಮಾರುಗಳ ಹಿಂದೆ ಬಿಜಾಪುರದಿಂದ ಬಂದ ಮನೆತನ ಅದು. ಯಜಮಾನರು ಸರ್ಕಾರಿ ನೌಕರಿಯಲ್ಲಿದ್ದವರು. ಅಂಗಳ ಸಾರಿಸಿ ರಂಗೋಲಿ ಹಾಕುವ ಕೆಲಸವೂ ಶಂಕ್ರಮ್ಮನದೇ. ತುಳಸಾಬಾಯಿಯ ಮಗ ಪ್ರಾಣೇಶ ನೌಕರಿ ಒಲ್ಲೆನೆಂದು ಗಾಡಿಗಳ ವ್ಯವಹಾರಕ್ಕಿಳಿದರು. ಅವರು ಇಟ್ಟ ಕಾವಲುಗಾರನೇ ಡೀಸೆಲ್ ಕದಿಯುವವರಿಗೆ ತಗಡಿನ ಬೇಲಿ ಸರಿಸಿಕೊಡುತ್ತಿದ್ದದ್ದು ಗೊತ್ತಾದಾಗ, "ಮನಿ ಅಂಗಳ ಕಾಯ್ದಾಕಿನ್ನ ಅಲ್ಲಿ ಕೂಡಿಸು" ಎಂದವರು ತಾಯಿ. ಇದಾಗಿ ನಾಲ್ಕು ವರ್ಷ.

ಬಂದ ಮೊದಲ ವಾರವೇ ಅವರಿಗೆ ಅರ್ಥವಾದದ್ದು ಒಂದು: ಎರಡು ಕಣ್ಣಿಂದ ಮೂವತ್ತೆಂಟು ಗಾಡಿ ನೋಡಲಾಗುವುದಿಲ್ಲ. ಈ ತುದಿಗೆ ಬಂದರೆ ಆ ತುದಿಯಲ್ಲಿ ಕೈ ಹಾಕುತ್ತಾರೆ. "ಅದಕ್ಕ ನೆಲಕ್ಕ ಕಣ್ಣು ಇಟ್ಟೆ ನೋಡ್ರಿ" ಎನ್ನುತ್ತಾರೆ. ಟ್ಯಾಂಕಿನ ಕೆಳಗೆ ಯಾರೇ ತೂರಲಿ, ಕೈಯೋ ಮೊಣಕೈಯೋ ಕ್ಯಾನೋ ತಗುಲಿ ಪುಡಿ ಕದಡಲೇಬೇಕು. ಮೊದಲು ಅಕ್ಕಿಹಿಟ್ಟಿನಲ್ಲಿ ಎಳೆದರಂತೆ. ಇರುವೆ ಬಂದವು, ಅಳಿಲು ಬಂದವು, ಪಕ್ಕದ ಗುಡಿಸಲಿನ ಕೋಳಿಗಳೂ ಬಂದವು. ಮೂರು ದಿನದಲ್ಲಿ ಮೂರು ಸಲ ಕಳ್ಳ ಕಳ್ಳ ಎಂದು ಕೂಗಿ, ಬೇವಿನ ಮರದಡಿ ಮಲಗಿದ್ದ ಚಾಲಕರನ್ನೆಲ್ಲ ಎಬ್ಬಿಸಿ, ಅವರ ಬಾಯಿಗೆ ಸಿಕ್ಕಿ, ನಾಲ್ಕನೇ ದಿನದಿಂದ ಕಲ್ಲಿನ ಪುಡಿ ಹಿಡಿದರು. ಸ್ಟೆಪ್ನಿಗೆ ಬೇರೆ ಉಪಾಯ. ನಟ್ಟಿಗೂ ಬೋಲ್ಟಿಗೂ ಸೇರಿಸಿ ಎಲೆಯಡಿಕೆಯ ಸುಣ್ಣದಿಂದ ಒಂದು ಗೆರೆ. ನಟ್ಟು ಚೂರು ತಿರುಗಿದರೂ ಗೆರೆ ತುಂಡಾಗುತ್ತದೆ.

ದಿನಕ್ಕೆ ಮೂವತ್ತೆಂಟು ಸುತ್ತು ರಂಗೋಲಿ, ಒಂದೂವರೆ ಕಿಲೋ ಪುಡಿ. ಬೆಳಿಗ್ಗೆ ಆರರಿಂದ ಸಂಜೆ ಐದರವರೆಗೆ ಬಯಲಿಗೆ ಆರು ಪ್ರದಕ್ಷಿಣೆ, ಪ್ರತಿ ಸಲವೂ ಪ್ರತಿ ಗಾಡಿಗೆ ಬಗ್ಗಿ ನೋಡಬೇಕು. ಸಂಜೆ ಗಾಡಿಗಳು ಹೊರಟಾಗ ಅಷ್ಟೂ ರಂಗೋಲಿ ಚಕ್ರದಡಿ ಹೋಗುತ್ತದೆ. ಮಳೆಗಾಲದಲ್ಲಿ ಪುಡಿ ನಿಲ್ಲುವುದಿಲ್ಲ, ಕೊಡೆ ಹಿಡಿದು ದಿನವಿಡೀ ಸುತ್ತುತ್ತಲೇ ಇರಬೇಕು. ನಾಲ್ಕು ವರ್ಷದಲ್ಲಿ ಈ ಬಯಲಿನಿಂದ ಹೋದದ್ದು ಒಂದು ಸ್ಟೆಪ್ನಿ, ಎರಡು ಕನ್ನಡಿ. ಅದಕ್ಕೆ ಬದಲಾಗಿ ಹೋದದ್ದು ಶಂಕ್ರಮ್ಮನ ಎರಡೂ ಮೊಣಕಾಲು. "ನಡಾ ಅಂತೂ ಕೇಳಬ್ಯಾಡ್ರಿ. ಮನಿಗೆ ಹೋಗಿ ಮಲಗಿದ್ರೂ ಬಗ್ಗೇ ಮಲಗ್ತೀನಿ" ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ.

ಈಗ ಮೌನಪ್ಪನ ವಿಷಯ. ಮೂವತ್ತರ ಆಸುಪಾಸಿನ ಮೌನಪ್ಪ ಹದಿನಾರನೇ ನಂಬರಿನ ಗಾಡಿಯ ಚಾಲಕರಾಗಿದ್ದರು. ಅವರದೂ ಮಾನ್ವಿ ಕಡೆಯೇ. ದಿನವಿಡೀ ತೆಲುಗು, ಹಿಂದಿಯಲ್ಲೇ ಬದುಕುವ ಈ ಬಯಲಿನಲ್ಲಿ ಪ್ರಾಣೇಶ ಬಂದಾಗ ಬಿಟ್ಟರೆ ಇಬ್ಬರೂ ಕನ್ನಡ ಆಡುತ್ತಿದ್ದದ್ದು ಒಬ್ಬರ ಜೊತೆ ಇನ್ನೊಬ್ಬರು ಮಾತ್ರ. ಮೌನಪ್ಪ ರಾಯಚೂರಿನ ಬಸ್ಸಿನವರಿಂದ ಹಳೆಯ ಕನ್ನಡ ಪೇಪರು ತಂದು, ಮಲಗುವ ಮೊದಲು ಶಂಕ್ರಮ್ಮನಿಗೆ ಓದಿ ಹೇಳುತ್ತಿದ್ದರಂತೆ. ಶಂಕ್ರಮ್ಮನಿಗೆ ಓದು ಬರುವುದಿಲ್ಲ.

ಏಳು ತಿಂಗಳ ಹಿಂದೆ ಹದಿನಾರನೇ ಗಾಡಿಯ ಡೀಸೆಲ್ ಕಡಿಮೆ ಬೀಳತೊಡಗಿತು. ದಿನಕ್ಕೆ ಮೂರು ನಾಲ್ಕು ಲೀಟರ್. ಪ್ರಾಣೇಶ ಬಂದು ಚಾಲಕರೆಲ್ಲರ ಮುಂದೆ ಶಂಕ್ರಮ್ಮನನ್ನೇ ಕೇಳಿದರು. ಅವರು ಕಂಡದ್ದನ್ನು ಹೇಳಿದರು: ಟ್ಯಾಂಕಿನ ಕೆಳಗಿನ ರಂಗೋಲಿ ಒಂದು ದಿನವೂ ಕದಡಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಮೂರೂವರೆ ವರ್ಷ ಕೈ ಕೊಡದ ರಂಗೋಲಿಯ ಮೇಲಿನ ನೆಚ್ಚಿಗೆ ಇನ್ನೊಂದು ಮಾತು ಆಡಿಸಿತು.

"ಕೆಳಗಿಂದ ಯಾರೂ ತಗೊಂಡಿಲ್ಲ, ಮ್ಯಾಲಿನ ಮುಚ್ಚಳದ ಕೀಲಿ ಮೌನಪ್ಪನ ಕೈಯಾಗ ಐತಿ ಅಂದುಬಿಟ್ಟೆರಿ. ಹೌದು, ನಾನಽ ಅಂದೆ."

ಪ್ರಾಣೇಶ ಅಲ್ಲೇ ಕೆಲಸ ಬಿಡಿಸಿದರು. ಮೌನಪ್ಪ ಗಾಡಿಯಿಂದ ತಮ್ಮ ಹೊದಿಕೆ, ನೀರಿನ ಬಾಟಲಿ ತೆಗೆದುಕೊಂಡರು. ಹೋಗುವಾಗ ಒಂದೇ ಮಾತು ಕೇಳಿದರಂತೆ: "ಯಕ್ಕಾ, ನೀ ನನ್ನ ನೋಡಿದ್ಯಾ, ರಂಗೋಲಿ ನೋಡಿದ್ಯಾ?"

ಮಧ್ಯಾಹ್ನದೊಳಗೆ ಆ ದಾರಿಯ ಚಾಲಕರಿಗೆಲ್ಲ ಫೋನಿನಲ್ಲಿ ಸುದ್ದಿ ಮುಟ್ಟಿತ್ತು. ಡೀಸೆಲ್ ಕದ್ದವನೆಂಬ ಹೆಸರು ಬಿದ್ದವನ ಕೈಗೆ ಇಲ್ಲಿ ಯಾರೂ ಗಾಡಿ ಕೊಡುವುದಿಲ್ಲ.

ಹೊಸ ಚಾಲಕ ಬಂದರು. ಡೀಸೆಲ್ ಮಾತ್ರ ಕಡಿಮೆಯಾಗುತ್ತಲೇ ಹೋಯಿತು. ಎರಡು ತಿಂಗಳ ಮೇಲೆ ಮೆಕ್ಯಾನಿಕ್ ಚಾಂದ್‌ಪಾಷಾ ಗಾಡಿಯನ್ನು ಎತ್ತರಿಸಿ, ಎಂಜಿನ್ ಚಾಲೂ ಇಟ್ಟು ಕೆಳಗೆ ಮಲಗಿ ನೋಡಿದರು. ಎಂಜಿನ್ನಿನಲ್ಲಿ ಮಿಕ್ಕ ಡೀಸೆಲನ್ನು ಟ್ಯಾಂಕಿಗೆ ಮರಳಿಸುವ ರಬ್ಬರ್ ಪೈಪಿನಲ್ಲಿ ಉಗುರಗಲದ ಬಿರುಕು. ಗಾಡಿ ಓಡುವಾಗ ಮಾತ್ರ ಚಿಮ್ಮಿ ರಸ್ತೆಯ ಪಾಲಾಗುತ್ತಿತ್ತು. ನಿಂತರೆ ಒಂದು ಹನಿಯೂ ಇಲ್ಲ. ಹೀಗಾಗಿ ಬಯಲಿನ ನೆಲದಲ್ಲಿ ಎಣ್ಣೆಯ ಕಲೆಯೂ ಬಿದ್ದಿರಲಿಲ್ಲ. ಚಾಂದ್‌ಪಾಷಾ ಆ ಪೈಪನ್ನು ಕಿತ್ತು ಶಂಕ್ರಮ್ಮನ ಕೈಗಿಟ್ಟು, "ಲೇವೋ ಅಮ್ಮಾ, ಯೇಚ್ ಹೈ ತುಮಾರಾ ಚೋರ್" ಎಂದು ನಕ್ಕರು. ಇಗೋ ನಿಮ್ಮ ಕಳ್ಳ ಎಂಬ ತಮಾಷೆ. ಪೈಪು ಕೈಯಲ್ಲಿ ಹಿಡಿದೇ ಶಂಕ್ರಮ್ಮ ಮೌನಪ್ಪನಿಗೆ ಫೋನು ಮಾಡಿಸಿದರು.

ಆ ಫೋನು ಅಷ್ಟರಲ್ಲಿ ಬಂದ್ ಆಗಿತ್ತು. ಊರಿಗೆ ಹೇಳಿ ಕಳಿಸಿದರೆ ಅಲ್ಲಿಗೂ ಹೋಗಿಲ್ಲವೆಂದು ಉತ್ತರ ಬಂತು. ಅಂದಿನಿಂದ ಪ್ರತಿ ಭಾನುವಾರ, ಬಯಲಿನಲ್ಲಿ ಅರ್ಧ ಗಾಡಿಗಳಷ್ಟೇ ಇರುವ ದಿನ, ಮಧ್ಯಾಹ್ನದ ಮೇಲೆ ಗಂಡನನ್ನು ಕಾವಲಿಗೆ ಕೂರಿಸಿ ಶಂಕ್ರಮ್ಮ ನಾಂಪಲ್ಲಿ ಸ್ಟೇಷನ್ನಿನ ಮುಂದಿನ ಟ್ಯಾಕ್ಸಿ ಸಾಲಿಗೆ ಹೋಗಿ ವಿಚಾರಿಸುತ್ತಾರೆ. ಶಂಶಾಬಾದಿನಲ್ಲಿ ಹೊಸ ವಿಮಾನ ನಿಲ್ದಾಣ ಇನ್ನೇನು ತೆರೆಯಲಿದೆ, ಚಾಲಕರು ಅತ್ತ ಹೋಗುತ್ತಿದ್ದಾರೆಂದು ಯಾರೋ ಹೇಳಿದ ಮೇಲೆ ಎರಡು ಬಸ್ಸು ಬದಲಿಸಿ ಅಲ್ಲಿಗೂ ಹೋಗಿ ಬಂದಿದ್ದಾರೆ. ಮೊಣಕಾಲು ಇನ್ನಷ್ಟು ಊದಿದ್ದು ಬಿಟ್ಟರೆ ಬೇರೇನೂ ಆಗಿಲ್ಲ.

ನಾವು ಮಾತಾಡುತ್ತಿರುವಾಗ ಪ್ರಾಣೇಶ ಬರುತ್ತಾರೆ. ಕೆಟ್ಟ ಮನುಷ್ಯರಲ್ಲ, ನನಗೆ ಚಹಾ ತರಿಸುತ್ತಾರೆ. ಮೌನಪ್ಪನ ಹೆಸರು ಕಿವಿಗೆ ಬಿದ್ದದ್ದೇ ಅವರ ಮುಖ ಸಣ್ಣದಾಗುತ್ತದೆ. "ಪಾಪ ಅನಸ್ತದ್ರೀ, ಖರೇನ. ಆದ್ರ ಅದನ್ನ ಹಾಕಬ್ಯಾಡ್ರಿ. ಇಲ್ಲಿ ಕಳ್ಳತನ ಆಗ್ತದ ಅಂತ ಕಂಪನಿಯವರಿಗೆ ಗೊತ್ತಾದ್ರ ಬ್ಯಾರೆ ಟ್ರಾವೆಲ್ಸ್ ನೋಡ್ಕೋತಾರ."

"ಕಳ್ಳತನ ಆಗಿಯೇ ಇಲ್ಲವಲ್ಲ" ಎನ್ನುತ್ತೇನೆ.

ಅವರು ಉತ್ತರಿಸುವ ಮೊದಲೇ ಶಂಕ್ರಮ್ಮ ಎದ್ದು ನಿಲ್ಲುತ್ತಾರೆ. "ನನ್ನ ಕೆಲಸದಿಂದ ತಗೀತೀರಿ ಅಂದ್ರ ತಗೀರಿ, ಪ್ರಾಣೇಶಪ್ಪ. ನಿಮ್ಮ ಮನ್ಯಾಗ ಇಪ್ಪತ್ತು ವರ್ಷ ಉಂಡೀನಿ, ನಿಮಗ ಎದುರಾಡಂಗಿಲ್ಲ. ಆದ್ರ ಅಂವ ಎಲ್ಲಿ ದುಡ್ಯಾಕ ಹೋದ್ರೂ ಅವನಕಿಂತ ಮೊದಲು ಕಳ್ಳ ಅನ್ನೂ ಮಾತು ಹೋಗಿ ಕುಂತಿರ್ತೈತಿ. ಅದು ನನ್ನ ಬಾಯಾಗಿಂದ ಹೊಂಟಿದ್ದು. ನಾನಽ ತಗೀಬೇಕು."

ಪ್ರಾಣೇಶ, "ಬರೀರಿ ಹಂಗಾದ್ರ. ನಮ್ಮ ಟ್ರಾವೆಲ್ಸ್ ಹೆಸರೊಂದು ಬ್ಯಾಡ" ಎಂದು ಹೊರಟುಬಿಡುತ್ತಾರೆ. ಹೆಸರು ಬರೆದಿಲ್ಲ.

ಮೌನಪ್ಪ ಓದಿಯೂ ಬರದಿದ್ದರೆ ಎಂದು ಶಂಕ್ರಮ್ಮನನ್ನು ಕೇಳುತ್ತೇನೆ. "ಬರೂದು ಬಿಡೂದು ಅವನ ಮನಸ್ಸು. ಬಾ ಅನ್ನಾಕ ನನಗ ಬಾಯಿ ಎಲ್ಲೈತ್ರಿ? ಯಾರರ ಗಾಡಿ ಕೊಡಲಿ ಅವಂಗ, ಅಷ್ಟ ಸಾಕು" ಎನ್ನುತ್ತಾರೆ.

ಬರೆದುಕೊಂಡದ್ದನ್ನು ಓದಿ ತೋರಿಸಬೇಕೆಂದು ಪಟ್ಟು ಹಿಡಿದದ್ದೂ ಅವರೇ. ಗಾಡಿಯ ನೆರಳಲ್ಲಿ ಕೂತು ಓದುತ್ತೇನೆ. ತಮ್ಮ ವಯಸ್ಸು, ಮೊಣಕಾಲು, ಅಕ್ಕಿಹಿಟ್ಟಿನ ಕಥೆ ಯಾವುದಕ್ಕೂ ಅವರು ಅಡ್ಡ ಮಾತಾಡುವುದಿಲ್ಲ. "ಮೌನಪ್ಪ ಡೀಸೆಲ್ ಕದ್ದಿರಲಿಕ್ಕಿಲ್ಲ ಎಂದು ಶಂಕ್ರಮ್ಮ ಈಗ ನಂಬುತ್ತಾರೆ" ಎಂಬಲ್ಲಿಗೆ ಬಂದಾಗ ಕೈ ಎತ್ತಿ ತಡೆಯುತ್ತಾರೆ. ಪೇಪರಿನವರಿಗೆ ಹೀಗೆ ಜಾರಿಕೊಳ್ಳುವಂತೆ ಬರೆದು ರೂಢಿ. ನನಗೆ ನಾಚಿಕೆಯಾಗುತ್ತದೆ.

"ನಂಬೂದೇನು ಬಂತ್ರಿ ಅದರಾಗ? ಅವತ್ತು ನಾ ಅಂದಾಗ ನಂಬ್ತೀನಿ ಅಂತ ಅಂದಿದ್ನೇನು? ನೆಟ್ಟಗ ಅಂದೀನಿ. ಇದನ್ನೂ ನೆಟ್ಟಗ ಬರೀರಿ."

ಬರೆದಿದ್ದೇನೆ. ಮೌನಪ್ಪ ಡೀಸೆಲ್ ಕದ್ದಿಲ್ಲ.