ಪರೇಡಿನ ಮಾರನೇ ಬೆಳಿಗ್ಗೆ

ಮೇಜರಮ್ಮ ಅಂದರೆ ನನಗೆ ಮೊದಲು ನೆನಪಾಗುವುದು ಉಪ್ಪು ಬೆರೆಸಿದ ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟ ಅವರ ಪಾದಗಳು. ಸೇನೆಯ ಆಸ್ಪತ್ರೆಗಳಲ್ಲಿ ನರ್ಸಾಗಿ, ಮೇಜರ್ ಆಗುವವರೆಗೂ ವರ್ಷಾನುಗಟ್ಟಲೆ ನಿಂತು ದಣಿದ ಪಾದಗಳು. ಸಹಕಾರನಗರದ ನಮ್ಮ ಎದುರುಮನೆಯ ವರಾಂಡದಲ್ಲಿ ಸಂಜೆಯಾದರೆ ಹಾಗೇ ಕೂರುತ್ತಿದ್ದರು. ಯಾರು ಬಂದರೂ ಏಳುತ್ತಿರಲಿಲ್ಲ. "ಎಲ್ರಿಗೂ ಎದ್ದು ನಿಂತಿದ್ದಾಯ್ತು, ಸಾಕು" ಅನ್ನುತ್ತಿದ್ದರು.

ಮಕ್ಕಳನ್ನು ಮಿಲಿಟರಿಗೆ ಸೇರಿಸುವ ಆಸೆಯಿದ್ದವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಒಮ್ಮೆ ಬ್ಯಾಟರಾಯನಪುರದವರೊಬ್ಬರು ಮಗನನ್ನು ಕರೆತಂದು, "ಯಾವ ಮಿಲಿಟರಿ ಕಾಲೇಜ್ ಬೆಸ್ಟ್ ಮೇಡಂ?" ಎಂದರು. ಮಾತೆಲ್ಲ ಅಪ್ಪನದೇ, ಹುಡುಗನಿಗೆ ಬಾಯಿ ಬಿಡಲು ಸಂದು ಸಿಗಲಿಲ್ಲ. ಮೇಜರಮ್ಮ ಬಕೆಟ್ ನೋಡಿ, "ಅಯ್ಯೋ, ಉಪ್ಪು ಮುಗಿದಿದೆ. ಮೂಲೆ ಅಂಗಡಿಯಿಂದ ಒಂದು ಪ್ಯಾಕೆಟ್ ತಂದ್ಕೊಡ್ತೀರಾ?" ಎಂದರು. ಆತ ಗೇಟು ದಾಟಿದ್ದೇ ಹುಡುಗನ ಕಡೆ ತಿರುಗಿದರು.

"ಟ್ರೈನಿಂಗ್ ಮುಗಿದಾಗ ಮಾಡೋ ಪಾಸಿಂಗ್ ಔಟ್ ಪರೇಡ್ ಒಂದು ದಿನ ಕಣೋ. ಬ್ಯಾಂಡು, ಫೋಟೋ, ಅಮ್ಮನ ಅಳು ಎಲ್ಲ ಅವತ್ತಿಗೇ ಮುಗೀತು. ಮಾರನೇ ದಿನ ಬೆಳಿಗ್ಗೆ ಎದ್ದು ಏನ್ ಮಾಡ್ಬೇಕು ಅಂತ ಆಸೆ? ಅದನ್ ನೀನ್ ಹೇಳು, ಕಾಲೇಜ್ ನಾನ್ ಹೇಳ್ತೀನಿ."

ಹಡಗಿನ ಇಂಜಿನ್ ಬಗ್ಗೆ ಶುರುಮಾಡಿದ ಹುಡುಗ ಅಪ್ಪ ಬಂದ ಮೇಲೂ ನಿಲ್ಲಿಸಲಿಲ್ಲ. ಹೀಗೆ ಅಪ್ಪ ಅಮ್ಮಂದಿರು ತಂದುಕೊಟ್ಟ ಉಪ್ಪು ಅವರ ಅಡುಗೆಮನೆಯಲ್ಲಿ ರಾಶಿ ಬಿದ್ದಿತ್ತು.

ಇದೆಲ್ಲ ಗೊತ್ತಿದ್ದೂ ಮಗಳು ಸಿಂಚನಾಳ ಪಿಯುಸಿ ಮುಗಿಯುವ ಹೊತ್ತಿಗೆ ನಾನೂ ಅವಳನ್ನು ಕರೆದುಕೊಂಡು ಹೋದೆ. ಅವಳಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಬ್ಯಾಂಕಿನ ಕೆಲಸ ಮುಗಿಸಿ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಹೈರಾಣಾಗಿ ಬಂದರೆ ಬಾಗಿಲು ತೆಗೆಯುವವಳು ಅವಳೊಬ್ಬಳೇ. ಅವಳಿಗೋ ಸೇನಾಧಿಕಾರಿಗಳನ್ನು ತಯಾರು ಮಾಡುವ ದೂರದ ಅಕಾಡೆಮಿಯೇ ಬೇಕು. ನನಗೆ ನಮ್ಮೂರಿನಲ್ಲೇ ಇರುವ ಮಿಲಿಟರಿ ನರ್ಸಿಂಗ್ ಕಾಲೇಜು ಸಾಕು. ಮೇಜರಮ್ಮ ಓದಿದ್ದೂ ಅಲ್ಲೇ, ನನ್ನ ಪರ ಮಾತಾಡುತ್ತಾರೆಂದು ನಂಬಿದ್ದೆ.

"ಸುಮಾ, ಉಪ್ಪು ಮುಗಿದಿದೆ ನೋಡು" ಅಂದರು.

ಪ್ಯಾಕೆಟ್ ಹಿಡಿದು ಗೇಟಿನ ಹತ್ತಿರ ಬಂದಾಗ ಮಗಳ ದನಿ ಕೇಳಿಸಿತು: "ಮಾರನೇ ದಿನ ಬೆಳಿಗ್ಗೆ ನನ್ನ ಎದುರಿಗೆ ಜವಾನರು ನಿಂತಿರ್ಬೇಕು ಅಜ್ಜಿ. ನಾನೇ ಅವರನ್ನ ಕರ್ಕೊಂಡ್ ಹೋಗ್ಬೇಕು, ವಾಪಸ್ ಕರ್ಕೊಂಡ್ ಬರ್ಬೇಕು."

"ಕೇಳಿಸ್ಕೊಂಡ್ಯಾ ಸುಮಾ?" ಎಂದರು ಮೇಜರಮ್ಮ. "ಇವಳಿಗೆ ಅಕಾಡೆಮಿನೇ ಸರಿ. ನರ್ಸಿಂಗ್ ಏನ್ ಕಮ್ಮಿ ಕೆಲಸ ಅಲ್ಲ. ಮನಸ್ಸಿಲ್ದೋರ ಕೈಗೆ ರೋಗಿನ ಕೊಡ್ಬಾರ್ದು ಅಷ್ಟೆ."

ನಾನು ವಾದಕ್ಕಿಳಿದೆ. ಸಿಟ್ಟು ಬಂದರೆ ಅವರ ಬಾಯಲ್ಲಿ ತವರೂರು ಅಬ್ಬಿಗೆರೆಯ ಮಾತು ಬರುತ್ತಿತ್ತು. "ಇಂಗಂದ್ರೆ ಎಂಗೆ? ನೀನ್ ಉಡುಕ್ತಿರೋದು ಕಾಲೇಜಲ್ಲ ಕಣಮ್ಮ, ಸಿಟಿ ಬಸ್ ಓಗೋ ಜಾಗ!"

ಮೈಯೆಲ್ಲ ಉರಿದುಹೋಯಿತು. ಎಷ್ಟೋ ದಿನ ಆ ಕಡೆ ತಲೆ ಹಾಕಲಿಲ್ಲ. ಆದರೆ ಕೋಪಕ್ಕೂ ತ್ರಾಣ ಬೇಕಲ್ಲ. ಮಗಳು ಅಕಾಡೆಮಿಗೆ ಹೊರಟುಹೋದ ಮೇಲೆ ಸಂಜೆ ಬೀಗ ತೆಗೆದು ಒಳಗೆ ಹೋಗಲು ಮನಸ್ಸಾಗದೆ ಅವರ ವರಾಂಡದಲ್ಲೇ ಕೂರತೊಡಗಿದೆ.

ಕೊನೆಕೊನೆಗೆ ಅವರು ಹಾಸಿಗೆ ಹಿಡಿದರು. ಒಂದು ಸಂಜೆ ಬಿಸಿನೀರಿನಲ್ಲಿ ಬಟ್ಟೆ ಹಿಂಡಿ ಪಾದ ಒರೆಸುತ್ತಾ, ಸಿಂಚನಾಳ ಪರೇಡ್ ಹತ್ತಿರ ಬಂತು ಎಂದೆ. ಕಣ್ಣು ಮುಚ್ಚಿಕೊಂಡೇ, "ಹೋಗ್ಬಾ, ಚೆನ್ನಾಗಿ ಅತ್ಬಿಡು. ಮಾರನೇ ದಿನ ಬೆಳಿಗ್ಗೆ ನೀನೇನ್ ಮಾಡ್ತೀಯಾ?" ಎಂದರು. ನಕ್ಕು ಇನ್ನೊಂದು ಪಾದ ಒರೆಸತೊಡಗಿದೆ. ಪರೇಡಿಗೆ ಮೊದಲೇ ಅವರು ತೀರಿಹೋದರು.

ಪರೇಡ್ ಮುಗಿಯಿತು. ಬ್ಯಾಂಡು, ಫೋಟೋ, ನನ್ನ ಅಳು, ಎಲ್ಲ ಅವರು ಹೇಳಿದಂತೆಯೇ ಆಯಿತು. ಮಗಳು ಗೆಳತಿಯರ ಜೊತೆ ಉಳಿದಳು, ರಜೆಯಿಲ್ಲದ ನಾನು ಅಂದೇ ವಿಮಾನ ಹಿಡಿದು ಒಬ್ಬಳೇ ಮನೆಗೆ ವಾಪಸಾದೆ. ಮಾರನೇ ಬೆಳಿಗ್ಗೆ ಎದ್ದರೆ ಮೈದಾನದಲ್ಲಿ ನಿಂತು ನಿಂತು ಕಾಲುಗಳು ಊದಿಕೊಂಡಿದ್ದವು. ನೀರು ಕಾಯಿಸಿ ಬಕೆಟ್ಟಿಗೆ ಸುರಿದು, ಡಬ್ಬಿ ತೆಗೆದು ನೋಡಿದೆ. ಉಪ್ಪು ನಿಜವಾಗಿಯೂ ಮುಗಿದಿತ್ತು. ಬಾಗಿಲಿಗೆ ಬಂದು ನೋಡಿದರೆ ಎದುರುಮನೆ ಗೇಟಿಗೆ ಬೀಗ. ಅಲ್ಲೇ ನಿಂತು ಮೇಜರಮ್ಮನಿಗಾಗಿ ಅತ್ತೆ. ಅವರು ಕೇಳಿದ್ದ ಪ್ರಶ್ನೆ ನೆನಪಾಯಿತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮೂಲೆ ಅಂಗಡಿಗೆ ಹೊರಟೆ. ಈ ಸಲ ಯಾರೂ ಕಳಿಸಿರಲಿಲ್ಲ.