ಸುಮಿತ್ರಾಳ ವಸಡು ಮತ್ತು ನಾನು ಕೊಟ್ಟ ಬ್ರಶ್ಶು

ಬೆಳಿಗ್ಗೆ ವಾಶ್‌ಬೇಸಿನ್ನಿನಲ್ಲಿ ಮಗಳು ಉಗುಳಿದ ನೊರೆ ಹಾಗೇ ಉಳಿದಿತ್ತು. ಬಿಳಿ ನೊರೆಯ ಅಂಚಿಗೆ ತೆಳು ಗುಲಾಬಿ. ನಿಮಗೂ ಗೊತ್ತಿರಬಹುದು, ಕೆಲವು ಮಾತುಗಳು ಯೋಚಿಸುವ ಮೊದಲೇ ನಾಲಿಗೆಯ ತುದಿಗೆ ಬಂದು ನಿಂತಿರುತ್ತವೆ. "ಸರಿಯಾಗಿ ಹಲ್ಲು ತಿಕ್ಕೂಕೆ ಬರೂದಿಲ್ವೇನೆ ನಿಂಗೆ?" ಎಂದು ಕೂಗಹೊರಟವಳು ಬಾಯಿ ಮುಚ್ಚಿಕೊಂಡೆ. ಈ ಮಾತನ್ನು ಹಿಂದೆ ಬೇರೊಬ್ಬಳಿಗೆ ಆಡಿದ್ದೆ. ನೆನೆದರೆ ಇವತ್ತಿಗೂ ನನ್ನ ಮೇಲೇ ಮೈ ಉರಿಯುತ್ತದೆ.

ಅವಳು ನನ್ನ ನಾದಿನಿ ಸುಮಿತ್ರಾ. ನಾನು ಮದುವೆಯಾಗಿ ಅವರ್ಸಾದ ಮನೆಗೆ ಬಂದಾಗ ಅವಳಿಗೆ ಹತ್ತೊಂಬತ್ತು. ಮುಟ್ಟು ಮೂರು ತಿಂಗಳಿಗೊಮ್ಮೆ, ಕೆಲವೊಮ್ಮೆ ಐದಕ್ಕೆ. ಗದ್ದದ ಮೇಲೆ ನಾಲ್ಕಾರು ಕಪ್ಪು ಕೂದಲು. ಬಾವಿಕಟ್ಟೆಯ ಬೆಳಕಿಗೆ ಪುಟ್ಟ ಕನ್ನಡಿ ಹಿಡಿದು ಕೀಳುತ್ತಿದ್ದಳು. ಪೇರಳೆ ಕಚ್ಚಿದರೆ ಹಣ್ಣಿನ ಮೇಲೆ ರಕ್ತದ ಗುರುತು. ಮನೆಯಲ್ಲಿ ಇದಕ್ಕೆಲ್ಲ ಒಂದೇ ಹೆಸರಿತ್ತು: ಸೋಮಾರಿತನ. "ಬಂಗ್ಡೆ ತಿಂದ್ಕಂಡು ಹಾಗೇ ಮಲಗ್ತದೆ, ರಕ್ತ ಬರ್ದೆ ಮತ್ತೆಂತಾ ಬರ್ತದೆ" ಎನ್ನುತ್ತಿದ್ದರು ಅತ್ತೆ.

ನಾನೋ, ಕಾರವಾರದ ಕಾನ್ವೆಂಟಿನವಳು. ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ಉಗುರು, ಕರವಸ್ತ್ರ, ಹಲ್ಲು ಮೂರನ್ನೂ ನೋಡುತ್ತಿದ್ದರು. ಹಲ್ಲಿಗೆ ನನಗೆ ಯಾವಾಗಲೂ ಶಹಬ್ಬಾಸ್. ಆ ಗರ್ವದಲ್ಲೇ ಪೇಟೆಯಿಂದ ಸುಮಿತ್ರಾಳಿಗೆ ಗಟ್ಟಿ ಎಳೆಯ ಬ್ರಶ್ಶೊಂದನ್ನು ತಂದುಕೊಟ್ಟೆ. ಅದಕ್ಕೊಂದು ರಿಬ್ಬನ್ನೂ ಕಟ್ಟಿದ್ದೆ, ಎಂಥ ಜಾಣೆ ನೋಡಿ. "ಚೆನ್ನಾಗಿ ಒತ್ತಿ ತಿಕ್ಕು" ಎಂದೆ. ಅವಳು ಒತ್ತಿ ತಿಕ್ಕಿದಳು. ರಕ್ತ ಹೆಚ್ಚಾಯಿತು. ಹೆಚ್ಚಾದದ್ದಕ್ಕೂ ಬೈದೆವು.

ಅಂಕೋಲೆಯ ಹೆಂಗಸರ ಡಾಕ್ಟರು ಪಿಸಿಓಎಸ್, ಅಂದರೆ ಅಂಡಾಶಯದ ಹಾರ್ಮೋನಿನ ಏರುಪೇರು, ಎಂದು ಚೀಟಿ ಬರೆದರು, ಬಾಯಿ ತೆರೆಸಿ ನೋಡಲಿಲ್ಲ. ಹಲ್ಲಿನ ಡಾಕ್ಟರು ಬಾಯಿ ನೋಡಿದರು, ಮುಟ್ಟಿನ ಸುದ್ದಿ ಕೇಳಲಿಲ್ಲ. ಇಬ್ಬರೂ ಒಂದೇ ಕಟ್ಟಡದಲ್ಲಿದ್ದರು, ಮಹಡಿಯಲ್ಲೊಬ್ಬರು, ಕೆಳಗೊಬ್ಬರು. ಮೂವತ್ನಾಲ್ಕಕ್ಕೇ ಸುಮಿತ್ರಾಳ ಮುಂದಿನ ಹಲ್ಲು ಅಲುಗಾಡಿ ಬಿತ್ತು. ಅಂದಿನಿಂದ ಸೆರಗು ಬಾಯಿಗಿಟ್ಟುಕೊಂಡೇ ನಗುತ್ತಾಳೆ.

ನನ್ನ ಮಗಳಿಗೂ ಪಿಸಿಓಎಸ್ ಎಂದು ಹೋದ ವರ್ಷ ಗೊತ್ತಾಗಿದೆ. ಇವತ್ತೇ ಅವಳನ್ನು ಹಲ್ಲಿನ ಡಾಕ್ಟರ ಬಳಿ ಹೊರಡಿಸಿದೆ. ನಮ್ಮಲ್ಲಿಗೆ ಬಂದಿದ್ದ ಅತ್ತೆ ಮೆಲ್ಲಗೆ, "ಮುಟ್ಟಿಂದೆಲ್ಲ ಅಲ್ಲಿ ಹೇಳೂಕೆ ಹೋಗ್ಬೇಡ. ನಾಳೆ ಹುಡ್ಗಿ ಮದ್ವಿ ಆಗ್ಬೇಕು" ಎಂದರು. ದವಾಖಾನೆಯಲ್ಲಿ ಮಗಳೂ ಫಾರ್ಮಿನಲ್ಲಿ ಬೇರೆ ಕಾಯಿಲೆ ಇಲ್ಲವೆಂದೇ ಬರೆದಳು. ನಾನು ಅದನ್ನು ಹೊಡೆದುಹಾಕಿ ಪಿಸಿಓಎಸ್ ಎಂದು ಬರೆದೆ. ಪೆನ್ನಿನ ಮೊನೆಗೆ ಕಾಗದ ಹರಿಯಿತು.

ಡಾಕ್ಟರಮ್ಮ ಓದಿ, "ಹೇಳಿದ್ದು ಒಳ್ಳೇದಾಯ್ತು. ಇದು ಇದ್ದವರಲ್ಲಿ ವಸಡಿನ ಉರಿಯೂತ ಹೆಚ್ಚು ಕಾಣ್ತದೆ. ಯಾವುದು ಯಾವುದಕ್ಕೆ ಕಾರಣ ಅಂತ ಇನ್ನೂ ಪೂರ್ತಿ ಗೊತ್ತಿಲ್ಲ. ಆದ್ರೆ ಬರೀ ಹಲ್ಲು ತಿಕ್ಕೂದರ ತಪ್ಪಲ್ಲ. ಕ್ಲೀನ್ ಮಾಡಿಸಿ, ಮೆತ್ತಗಿನ ಬ್ರಶ್ಶು ಹಿಡೀರಿ" ಎಂದರು. ಸಿಸ್ಟರ್ ಕಲಿಸಿದಂತೆ ಥ್ಯಾಂಕ್ಸ್ ಹೇಳಿ ಎದ್ದೆ.

ಹೊರಗೆ ಬಂದು ಸುಮಿತ್ರಾಳಿಗೆ ಫೋನು ಮಾಡಿದೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿ, "ತಪ್ಪು ನಿಂದಾಗಿರ್ಲಿಲ್ಲ" ಎಂದೆ.

"ಅದು ನಂಗೆ ಆವತ್ತೇ ಗೊತ್ತಿತ್ತು ಅತ್ತಿಗೆ. ದಿನಾ ಮೂರು ಸಲ ತಿಕ್ತಿದ್ದದ್ದು ನಾನಲ್ವೆ?" ಎಂದಳು.

"ಗುರುವಾರ ಬಾ. ಉಳಿದ ಹಲ್ಲಾದ್ರೂ ಉಳೀಲಿ. ಎಲ್ಲಾ ನಾನೇ ಹೇಳ್ತೆ ಡಾಕ್ಟರಿಗೆ."

"ಬರ್ತೆ," ಎಂದಳು. "ಆದ್ರೆ ನೀವು ಹೊರಗೆ ಕುಂತ್ಕಣಿ. ನನ್ನ ಸುದ್ದಿ ನಾನೇ ಹೇಳ್ತೆ."